ಪದವಿನ ನೀಲಿ ಹೂ: ಕಾಕ್ಕಪ್ಪೂವನ್ನು ಗುರುತಿಸುವುದು ಹೇಗೆ?

ಆಟಿ ಕಳೆದು ಸೋಣ ತಿಂಗಳು (ಆಗಸ್ಟ್ ನಡುವಿನಿಂದ ಶುರುವಾಗುವ ತುಳು ತಿಂಗಳು) ಹಿಡಿಯಿತೆಂದರೆ ಓದುಗರಿಂದ ಒಂದೇ ಬಗೆಯ ಚಿತ್ರಗಳು ಬರತೊಡಗುತ್ತವೆ. ಕಪ್ಪಗೆ ಪಾಚಿಗಟ್ಟಿದ ಮುರಕಲ್ಲು (ಕೆಂಪುಕಲ್ಲು), ಅದರ ಮೇಲೆ ತೆಳುವಾಗಿ ನಿಂತ ನೀರು, ನೀರಿನ ನಡುವೆ ಸಣ್ಣ ಸಣ್ಣ ನೀಲಿ ಹೂ. ಕೆಳಗೆ ಪ್ರಶ್ನೆ: "ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಹಾಕುತ್ತಾರಲ್ಲ, ಆ ಕಾಕ್ಕಪ್ಪೂ ಇದುವೇ?" ಕಾಸರಗೋಡು ಕಡೆಯ ಪೆರ್ಲ, ಬದಿಯಡ್ಕ, ಸೀತಾಂಗೋಳಿ, ಕುಂಬಳೆ ಎಂದು ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಗುರುತಿಸುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಇದನ್ನು ಓದಿಕೊಂಡು ಹೋದರೆ ಆ ಗಿಡದ ಮುಂದೆ ಕುಳಿತು ನೀವೇ ತೀರ್ಮಾನಿಸಬಹುದು.

ಮೊದಲಿಗೆ ಒಂದು ಮಾತು. ಬರುವ ಚಿತ್ರಗಳಲ್ಲಿ ಹೆಚ್ಚಿನವು ಹೂವನ್ನು ಎದುರಿನಿಂದ ತೆಗೆದವು. ಮಳೆಗಾಲದ ಪದವಿನಲ್ಲಿ, ಅಂದರೆ ಮುರಕಲ್ಲಿನ ಬೋಳು ಗುಡ್ಡದ ಮೇಲೆ, ನೀಲಿ ಹೂಗಳಿಗೆ ಬರವಿಲ್ಲ, ಎದುರಿನಿಂದ ನೋಡಿದರೆ ಹಲವು ಹೂಗಳ ಮುಖ ಒಂದೇ ಥರ ಕಾಣುತ್ತದೆ. ಕಾಕ್ಕಪ್ಪೂವಿನ ಗುರುತು ಇರುವುದು ಅದರ ಬೆನ್ನಿನಲ್ಲಿ ಮತ್ತು ಬುಡದಲ್ಲಿ. ಬಣ್ಣ ನೋಡಿ ತೀರ್ಮಾನಿಸಬೇಡಿ, ಹೂವನ್ನು ತಿರುಗಿಸಿ ನೋಡಿ. ಈ ಲೇಖನದಲ್ಲಿ ಇದೊಂದು ನೆನಪಿನಲ್ಲಿ ಉಳಿದರೂ ಅರ್ಧ ಕೆಲಸ ಆದಂತೆ.

ಯಾವ ಗಿಡದ ಬಗ್ಗೆ ಹೇಳುತ್ತಿದ್ದೇವೆ?

ಮಲಯಾಳದಲ್ಲಿ ಕಾಕ್ಕಪ್ಪೂ ಅಥವಾ ಕಾಕ್ಕಪ್ಪೂವು ಎಂದು ಕರೆಯುವ ಈ ಗಿಡದ ಸಸ್ಯಶಾಸ್ತ್ರೀಯ ಹೆಸರು ಯುಟ್ರಿಕುಲೇರಿಯ ರೆಟಿಕ್ಯುಲೇಟ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಜೌಗು ನೆಲಗಳ ಸ್ವಂತ ಗಿಡ ಇದು. ಒಂದೇ ಮಳೆಗಾಲದ ಬದುಕು: ನೀರು ಬಂದಾಗ ಮೊಳೆತು, ಹೂ ಬಿಟ್ಟು, ಬೀಜ ಚೆಲ್ಲಿ, ನೆಲ ಒಣಗುವಾಗ ಸಾಯುತ್ತದೆ. ಯುಟ್ರಿಕುಲೇರಿಯ ಎಂಬ ಕುಲದಲ್ಲಿ ಜಗತ್ತಿನಾದ್ಯಂತ 200ಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲವೂ ಕೀಟಾಹಾರಿಗಳು. ಮರಾಠಿಯವರು ಈ ಕುಲದ ನೀಲಿ ಹೂಗಳನ್ನು ಸೀತೆಯ ಕಣ್ಣೀರು ಎನ್ನುತ್ತಾರೆ. ಮನೆಯಲ್ಲಿ ಮರಾಠಿ ಆಡುವ ನಮ್ಮ ಕಡೆಯ ಕೆಲವರಿಗೆ ಆ ಹೆಸರೂ ಗೊತ್ತಿರಬಹುದು.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕೇರಳದಲ್ಲಿ ಕಾಕ್ಕಪ್ಪೂ ಎಂದು ಬೇರೆ ಗಿಡಗಳನ್ನೂ ಕರೆಯುತ್ತಾರೆ. ಟೊರೇನಿಯ ಎಂಬ, ಗದ್ದೆ ಬದುವಿನಲ್ಲಿ ಬೆಳೆಯುವ ಗಿಡಕ್ಕೂ ಅದೇ ಹೆಸರಿದೆ. ಅದರ ಬಂಧುಗಳನ್ನು ಹೂಕುಂಡದಲ್ಲೂ ಬೆಳೆಸುತ್ತಾರೆ. ಹಾಗಾಗಿ "ಊರಿನ ಹಿರಿಯರು ಕಾಕ್ಕಪ್ಪೂ ಎಂದರು" ಎಂಬುದು ಒಂದು ಸುಳಿವು ಅಷ್ಟೆ, ಅದನ್ನೇ ತೀರ್ಪೆಂದು ತೆಗೆದುಕೊಳ್ಳಬಾರದು. ಹಿರಿಯರು ತಪ್ಪು ಹೇಳಿದರು ಎಂದಲ್ಲ, ಅವರು ಹೇಳಿದ್ದು ಬೇರೆ ಗಿಡವನ್ನು ಆಗಿರಬಹುದು.

ಏನೇನು ಬೇಕು?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಒಂದು (ಅಂಗಡಿಯಲ್ಲಿ 10ಎಕ್ಸ್ ಎಂದು ಕೇಳಿ). ಮಿಲಿಮೀಟರ್ ಗುರುತಿರುವ ಶಾಲಾ ಮಕ್ಕಳ ಸ್ಕೇಲ್. ಬಿಳಿಯ ಪ್ಲಾಸ್ಟಿಕ್ ತಟ್ಟೆ ಅಥವಾ ಮುಚ್ಚಳ. ಪೆನ್ಸಿಲ್ ಮತ್ತು ಪುಸ್ತಕ. ಪೆನ್ ಬೇಡ, ಮಳೆಯಲ್ಲಿ ಶಾಯಿ ಹರಡುತ್ತದೆ. ಫೋನ್ ಮತ್ತು ಕೊಡೆ. ಕೊಡೆ ಮಳೆಗೆ ಮಾತ್ರವಲ್ಲ, ಬಿಸಿಲು ಬಂದಾಗ ಹೂವಿನ ಮೇಲೆ ನೆರಳು ಮಾಡಿ ಚಿತ್ರ ತೆಗೆಯುವುದಕ್ಕೂ ಬೇಕು.

ಕಾಲಿಗೆ ಹಿಡಿತವಿರುವ ಬೂಟು ಹಾಕಿ. ಪಾಚಿ ಹಿಡಿದ ಪಾದೆಯ ಮೇಲೆ ಹವಾಯಿ ಚಪ್ಪಲಿಯಲ್ಲಿ ನಡೆಯುವುದು ಬೀಳುವುದಕ್ಕೆ ದಾರಿ. ಅದಕ್ಕಿಂತ ದೊಡ್ಡ ಅಪಾಯ ಹಳೆಯ ಕೆಂಪುಕಲ್ಲಿನ ಕೋರೆಗಳದ್ದು. ಕಲ್ಲು ಕಡಿದು ಬಿಟ್ಟ ಹೊಂಡಗಳು ಮಳೆಗಾಲದಲ್ಲಿ ಅಂಚಿನವರೆಗೆ ತುಂಬಿರುತ್ತವೆ, ಅಂಚಿನಲ್ಲಿ ಹುಲ್ಲು ಬೆಳೆದಿರುತ್ತದೆ, ಗೋಡೆ ನೆಟ್ಟಗೆ ಕಡಿದಿರುವುದರಿಂದ ಬಿದ್ದವರಿಗೆ ಹತ್ತಲು ಆಸರೆ ಇರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಆ ಜಾಗ ಗೊತ್ತಿರುವವರ ಜೊತೆಗೇ ಹೋಗಿ. ತುಲಾ ತಿಂಗಳ (ಅಕ್ಟೋಬರ್ ನಡುವಿನಿಂದ) ಮಳೆ ಶುರುವಾದ ಮೇಲೆ ಮಧ್ಯಾಹ್ನದ ನಂತರ ಬಯಲು ಪದವಿಗೆ ಹೋಗಬೇಡಿ. ಗುಡುಗು ಕೇಳುವ ಹೊತ್ತಿಗೆ ಓಡಿ ಸೇರಲು ಅಲ್ಲಿ ಮನೆಯಾಗಲಿ ಕಟ್ಟಡವಾಗಲಿ ಇರುವುದಿಲ್ಲ, ಇಡೀ ಬಯಲಿನಲ್ಲಿ ಎತ್ತರವಾಗಿ ನಿಂತಿರುವುದು ನೀವೇ.

ಹಂತ 1: ಕಾಲ ಮತ್ತು ಜಾಗ

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹುಡುಕುವುದು ಒಳ್ಳೆಯದು. ನೀರು ಆರದ ಕಡೆ ಅದರ ನಂತರವೂ ಸಿಗುತ್ತದೆ. ಜೂನ್‌ನ ದೊಡ್ಡ ಮಳೆಯಲ್ಲಿ ಹುಡುಕಿದರೆ ಹೂ ಕಾಣದೆ ಬೇಸರವಾದೀತು.

ಎರಡು ಬಗೆಯ ಜಾಗಗಳಲ್ಲಿ ನೋಡಬೇಕು. ಒಂದು, ಮುರಕಲ್ಲಿನ ಪದವು. ಕುಂಬಳೆ ಹತ್ತಿರದ ಅನಂತಪುರದ ಸುತ್ತ ನೀವು ಕಾಣುವಂಥ ಬೋಳು, ಸಮತಟ್ಟು ಗುಡ್ಡದ ತಲೆ. ದೂರದಿಂದ ಏನೂ ಬೆಳೆಯದ ನೆಲ ಎನಿಸುತ್ತದೆ. ಹತ್ತಿರ ಹೋದರೆ ಕಲ್ಲಿನ ತಗ್ಗುಗಳಲ್ಲಿ ಬೆರಳು ಆಳದಷ್ಟು ಮಣ್ಣು, ಅದರ ಮೇಲೆ ಸದಾ ಜಿನುಗುವ ನೀರು ಇರುತ್ತದೆ. ಪಳ್ಳದ, ಅಂದರೆ ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ತಗ್ಗಿನ ಅಂಚುಗಳನ್ನೂ ನೋಡಿ. ಎರಡನೆಯದು, ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ನಿಂತಿರುವ ಗದ್ದೆ ಮತ್ತು ಅದರ ಬದು. ಬೈಲಿನ ಗದ್ದೆಗಳು ಅಡಿಕೆ ತೋಟವಾಗಿಯೋ ಮಣ್ಣು ತುಂಬಿದ ಮನೆ ಜಾಗವಾಗಿಯೋ ಬದಲಾಗುತ್ತಿರುವುದರಿಂದ ಈ ಎರಡನೆಯ ಜಾಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಇದನ್ನು ಬರೆಯುವಾಗ ಸಂಕಟವಾಗುತ್ತದೆ.

ಜಾಗವೂ ಗುರುತಿನ ಭಾಗವೇ. ಈ ಗಿಡ ಕೀಟ ಹಿಡಿಯುವುದು ಮುರಕಲ್ಲಿನ ಮೇಲಿನ ಆ ತೆಳು ಮಣ್ಣಿನಲ್ಲಿ ಸಾರಜನಕ, ರಂಜಕಗಳು ತೀರ ಕಡಿಮೆ ಇರುವುದರಿಂದ. ಗೊಬ್ಬರದ ನೀರು ಹರಿಯುವ ತೋಟದ ಕಣಿಯಲ್ಲಿ ದಟ್ಟವಾಗಿ ಬೆಳೆದ ನೀಲಿ ಹೂ ಕಂಡರೆ ಅದು ಬೇರೆ ಗಿಡವಾಗಿರುವ ಸಾಧ್ಯತೆಯೇ ಹೆಚ್ಚು.

ಹಂತ 2: ನಿಂತಲ್ಲಿಂದಲೇ ಇಡೀ ಗಿಡ ನೋಡಿ

ಕುಳಿತುಕೊಳ್ಳುವ ಮೊದಲು ನಿಂತೇ ನೋಡಿ. ಕಾಕ್ಕಪ್ಪೂವಿನ ಹೂದಂಟಿಗೆ ಎಲೆಯೇ ಇಲ್ಲ. ನೂಲಿನಷ್ಟು ತೆಳುವಾದ ದಂಟು ಕೆಸರಿನಿಂದ ನೇರವಾಗಿ ಎದ್ದು ಬಂದು ತುದಿಯಲ್ಲಿ ಕೆಲವೇ ಹೂಗಳನ್ನು ಹೊತ್ತಿರುತ್ತದೆ. ದಂಟಿನ ಮೇಲೆ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳು ಇರುತ್ತವೆ, ಅವನ್ನು ಎಲೆ ಎಂದು ಲೆಕ್ಕ ಹಾಕಬೇಡಿ.

ದಂಟಿನ ಮೇಲೆ ಜೋಡಿ ಜೋಡಿಯಾಗಿ ಹಸಿರೆಲೆ ಇದ್ದರೆ ಅಲ್ಲಿಗೇ ಬಿಡಿ, ಅದು ಕಾಕ್ಕಪ್ಪೂ ಅಲ್ಲ.

ಎತ್ತರ ನೋಡಿ ಗೊಂದಲಕ್ಕೆ ಬೀಳುವವರು ಬಹಳ. ಪದವಿನ ತೆಳು ಮಣ್ಣಿನಲ್ಲಿ ಇದು ಗೇಣುದ್ದಕ್ಕೆ ನಿಲ್ಲುತ್ತದೆ, ದಂಟು ನೆಟ್ಟಗಿರುತ್ತದೆ. ಗದ್ದೆಯಲ್ಲಾದರೆ ಪೈರಿಗೋ ಹುಲ್ಲಿಗೋ ಸುತ್ತಿಕೊಂಡು ಬಳ್ಳಿಯ ಹಾಗೆ ಏರಿ ಅರ್ಧ ಮೀಟರ್ ದಾಟಬಲ್ಲದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಬೇರೆ ಬೇರೆ ಗಿಡ ಎಂದೇ ಎನಿಸುತ್ತದೆ, ಆದರೆ ಎರಡೂ ಒಂದೇ ಜಾತಿಯೊಳಗಿನ ವ್ಯತ್ಯಾಸ. ದಂಟು ಸುತ್ತಿಕೊಂಡಿದ್ದರೆ ಅದನ್ನು ತಪ್ಪದೆ ಬರೆದುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಅಕ್ಕಪಕ್ಕ ಯಾರಿದ್ದಾರೆ ಎಂದೂ ನೋಡಿ. ಬಿಳಿಯ ಗುಂಡಿಯಂಥ ತಲೆ ಹೊತ್ತ ಎರಿಯೋಕಾಲನ್ ಗಿಡಗಳು, ಎಲೆಯ ಮೇಲೆಲ್ಲ ಅಂಟು ಹನಿಗಳಿರುವ ಕೆಂಪು ಛಾಯೆಯ ಡ್ರೊಸೆರ (ಅದೂ ಕೀಟಾಹಾರಿಯೇ) ಜೊತೆಯಲ್ಲಿದ್ದರೆ ನೀವು ಸರಿಯಾದ ಜಾಗದಲ್ಲಿದ್ದೀರಿ.

ಹಂತ 3: ಹೂವಿನ ಬೆನ್ನು

ಈಗ ಕುಳಿತುಕೊಳ್ಳಿ. ಹೂ ಕೀಳಬೇಡಿ. ತೊಟ್ಟನ್ನು ಎರಡು ಬೆರಳಿನ ನಡುವೆ ಹಗುರಾಗಿ ಹಿಡಿದು ಹೂವನ್ನು ತಿರುಗಿಸಿ, ಮಸೂರವನ್ನು ಕಣ್ಣಿಗೆ ತಾಗುವಂತೆ ಹಿಡಿದು ಹೂವಿನ ಕಡೆಗೆ ಬಾಗಿ. ಮಸೂರವನ್ನು ಹೂವಿನ ಹತ್ತಿರ ಇಟ್ಟು ದೂರದಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಹೊಸಬರು ಮಸೂರದಿಂದ ಪ್ರಯೋಜನವಿಲ್ಲ ಎನ್ನುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಹೂವಿನ ಬಣ್ಣದ ಭಾಗದ ಹಿಂದೆ, ತೊಟ್ಟು ಸೇರುವಲ್ಲಿ ಒಂದು ಹೊರಕವಚ ಇರುತ್ತದೆ. ಮೊಗ್ಗಾಗಿದ್ದಾಗ ಹೂವನ್ನು ಮುಚ್ಚಿಕೊಂಡಿದ್ದುದು ಅದೇ. ಅದಕ್ಕೆ ಪುಷ್ಪಪಾತ್ರೆ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಹಸಿರು, ಕೆಲವೊಮ್ಮೆ ನೇರಳೆ ಛಾಯೆ. ಅದರಲ್ಲಿ ಎಷ್ಟು ಭಾಗಗಳಿವೆ ಎಂದು ಎಣಿಸಿ.

ಎರಡು ಇದ್ದರೆ, ಮೇಲೊಂದು ಕೆಳಗೊಂದು ಇದ್ದರೆ, ನೀವು ಯುಟ್ರಿಕುಲೇರಿಯದ ಹತ್ತಿರ ಬಂದಿದ್ದೀರಿ. ಐದು ಇದ್ದರೆ ಬೇರೆ ಗಿಡ. ಮೂರು ಇದ್ದರೂ ಬೇರೆ ಗಿಡ. ನಮ್ಮ ಪದವು, ಗದ್ದೆಗಳ ನೀಲಿ ಹೂಗಳಲ್ಲಿ ಇಷ್ಟು ಸುಲಭವಾಗಿ ಕೈಗೆ ಸಿಗುವ, ಇಷ್ಟು ಭದ್ರವಾದ ಗುರುತು ಮತ್ತೊಂದಿಲ್ಲ. ಚಿತ್ರ ಕಳಿಸುವವರನ್ನು ನಾನು ಮೊದಲು ಕೇಳುವುದೂ ಇದನ್ನೇ.

ಎಣಿಸುವಾಗ ಆಗುವ ತಪ್ಪೊಂದಿದೆ. ತೊಟ್ಟಿನ ಬುಡದಲ್ಲಿ, ಅದು ದಂಟಿಗೆ ಸೇರುವ ಕಡೆ, ಒಂದು ಪುಟ್ಟ ಹುರುಪೆಯೂ ಅದರ ಮಗ್ಗುಲಿಗೆ ಇನ್ನೂ ಸಪೂರವಾದ ಎರಡು ಹುರುಪೆಗಳೂ ಇರುತ್ತವೆ. ಅವು ಪುಷ್ಪಪಾತ್ರೆಯ ಭಾಗಗಳಲ್ಲ. ತೊಟ್ಟಿನ ಕೆಳ ತುದಿಯಲ್ಲಿ ಇರುವುದನ್ನು ಬಿಟ್ಟು, ಹೂವಿಗೆ ಅಂಟಿಕೊಂಡಿರುವ ಮೇಲ್ತುದಿಯನ್ನು ಮಾತ್ರ ನೋಡಿ.

ಹೂ ಉದುರಿದ ಮೇಲೂ ಈ ಗುರುತು ಕೈಬಿಡುವುದಿಲ್ಲ. ಕಾಯಿ ಬಲಿಯುವಾಗ ಆ ಎರಡು ಭಾಗಗಳೂ ದೊಡ್ಡದಾಗಿ ಬೆಳೆದು ಪುಟ್ಟ ಕಾಯಿಯನ್ನು ಎರಡು ಕಡೆಯಿಂದ ಮುಚ್ಚುತ್ತವೆ. ನವರಾತ್ರಿ ಕಳೆದ ಮೇಲೆ ಪದವಿಗೆ ಹೋದವರಿಗೆ ನೀಲಿ ಕಾಣದಿದ್ದರೂ ಒಣಗಿದ ದಂಟಿನ ಮೇಲೆ ಈ ಜೋಡಿ ಎಸಳುಗಳು ಕಾಣುತ್ತವೆ.

ಹಂತ 4: ಕೊಂಬು ಹುಡುಕಿ

ಹೂವನ್ನು ಈಗ ಪಕ್ಕದಿಂದ ನೋಡಿ. ಕಾಕ್ಕಪ್ಪೂವಿಗೆ ಎರಡು ತುಟಿಗಳಿವೆ: ಮೇಲಿನದು ಚಿಕ್ಕದು, ಕೆಳಗಿನದು ಅಗಲ. ಕೆಳತುಟಿಯ ಬುಡದಿಂದ ಒಂದು ಮೊನಚಾದ, ಟೊಳ್ಳಾದ ಕೊಂಬು ಕೆಳಮುಖವಾಗಿ ಚಾಚಿಕೊಂಡು ತುಸು ಬಾಗಿರುತ್ತದೆ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಇದನ್ನು ಸ್ಪರ್ ಎನ್ನುತ್ತಾರೆ. ಎದುರಿನಿಂದ ತೆಗೆದ ಚಿತ್ರದಲ್ಲಿ ಕೆಳತುಟಿ ಇದನ್ನು ಮರೆಮಾಡುತ್ತದೆ. ಪಕ್ಕದ ನೋಟ ಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕೇ.

ಕೊಂಬು ಒಂದೇ ಸಾಲದು. ಕರ್ಣಕುಂಡಲದ ಬಳಗದ ಕಾಡುಗಿಡಗಳಿಗೂ ಕೊಂಬಿದೆ, ಅವೂ ಮಳೆಗಾಲದಲ್ಲಿ ಒದ್ದೆ ನೆಲದಲ್ಲೇ ಬೆಳೆಯುತ್ತವೆ. ಆದರೆ ಅವುಗಳ ದಂಟು ರಸ ತುಂಬಿ ದಪ್ಪಗಿರುತ್ತದೆ, ದಂಟಿನ ತುಂಬ ಎಲೆಗಳಿರುತ್ತವೆ, ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ. ಎಲೆಯಿಲ್ಲದ ದಂಟು, ಎರಡು ಭಾಗದ ಪುಷ್ಪಪಾತ್ರೆ, ಕೆಳಗೆ ಕೊಂಬು: ಈ ಮೂರೂ ಒಟ್ಟಿಗೆ ಇರಬೇಕು.

ಹಂತ 5: ಈಗ ಮುಖ ನೋಡಿ

ಇಲ್ಲಿಯವರೆಗಿನ ಗುರುತುಗಳು ಕುಲವನ್ನು ಹೇಳಿದವು. ಜಾತಿಯ ಕಡೆಗೆ ಹೋಗಲು ಹೂವಿನ ಮುಖ ಬೇಕು.

ಕೆಳತುಟಿಯ ನಡುವೆ, ಗಂಟಲಿನ ಬಾಯಿಯ ಹತ್ತಿರ, ಒಂದು ಉಬ್ಬು ಇರುತ್ತದೆ. ಆ ಉಬ್ಬಿನ ಮೇಲೆ ಬಿಳಿಚಿದ ಮಚ್ಚೆ, ಮಚ್ಚೆಯ ಮೇಲೆ ಕಡು ನೇರಳೆ ಗೆರೆಗಳು. ಗೆರೆಗಳು ಉದ್ದುದ್ದಕ್ಕೆ ಮಾತ್ರ ಓಡದೆ ಒಂದಕ್ಕೊಂದು ಸೇರಿ ಬಲೆಯ ಕಣ್ಣುಗಳಂತೆ ಹೆಣೆದುಕೊಂಡಿದ್ದರೆ, ಹೂವು ಒಂದು ಸೆಂಟಿಮೀಟರಿನಿಂದ ಒಂದೂವರೆ ಸೆಂಟಿಮೀಟರಿನಷ್ಟಿದ್ದರೆ, ಕೆಳತುಟಿ ದುಂಡಗೆ ಅಗಲವಾಗಿದ್ದರೆ, ಅದು ಕಾಕ್ಕಪ್ಪೂ ಎಂದು ಧೈರ್ಯವಾಗಿ ಹೇಳಬಹುದು. ಹಂತ 2ರಲ್ಲಿ ದಂಟು ಪೈರಿಗೆ ಸುತ್ತಿಕೊಂಡಿತ್ತು ಎಂದು ಬರೆದುಕೊಂಡಿದ್ದರೆ ಧೈರ್ಯ ಇನ್ನೂ ಹೆಚ್ಚುತ್ತದೆ.

ಬಣ್ಣವನ್ನು ಕೊನೆಗೆ ಬರೆಯಿರಿ. ನೀಲಿ, ನೇರಳೆ, ಅವುಗಳ ನಡುವಿನ ಎಲ್ಲ ಛಾಯೆಗಳೂ ಒಂದೇ ಪದವಿನಲ್ಲಿ ಸಿಗುತ್ತವೆ. ಫೋನಿನ ಕ್ಯಾಮೆರಾಗಳು ಈ ನೀಲಿಯನ್ನು ಗುಲಾಬಿಯ ಕಡೆಗೆ ಎಳೆದುಬಿಡುತ್ತವೆ, ಬಿಸಿಲಿನಲ್ಲಂತೂ ಇನ್ನೂ ಹೆಚ್ಚು. ಆದ್ದರಿಂದ ಬಣ್ಣವನ್ನು ಕಣ್ಣಿನಿಂದ ನೋಡಿ ಪುಸ್ತಕದಲ್ಲಿ ಬರೆಯಿರಿ, ಚಿತ್ರವನ್ನು ನಂಬಬೇಡಿ. ಹಳತಾದ ಹೂ, ಮಳೆಗೆ ತೊಯ್ದ ಹೂ ಬಿಳಿಚಿಕೊಂಡಿರುತ್ತದೆ. ಅಂದು ಅರಳಿದ ಹೂವನ್ನೇ ಆರಿಸಿಕೊಳ್ಳಿ.

ಮೋಸ ಮಾಡುವ ನೆರೆಹೊರೆ

ಬರುವ ಚಿತ್ರಗಳಲ್ಲಿ ಕಾಕ್ಕಪ್ಪೂ ಎಂದು ತಪ್ಪು ತಿಳಿದಿರುವ ಗಿಡಗಳು ಹೆಚ್ಚಾಗಿ ಇವು.

ಟೊರೇನಿಯ: ಹೆಸರಿನಿಂದಲೇ ಗೊಂದಲ. ಎಲೆಗಳು ಎದುರುಬದುರು, ಅಂಚಿಗೆ ಹಲ್ಲು. ಪುಷ್ಪಪಾತ್ರೆ ಕೊಳವೆಯಂತಿದ್ದು ಉದ್ದಕ್ಕೂ ರೆಕ್ಕೆಯಂಥ ಏಣುಗಳಿರುತ್ತವೆ. ಕೇಸರಗಳು ನಾಲ್ಕು. ಯುಟ್ರಿಕುಲೇರಿಯದಲ್ಲಿ ಎರಡೇ ಕೇಸರ.

ಲಿಂಡರ್ನಿಯ ಬಳಗ: ಗದ್ದೆಬದುವಿನ ಅತಿ ಸಾಮಾನ್ಯ ಪುಟ್ಟ ಗಿಡಗಳು. ಎದುರುಬದುರು ಎಲೆ, ಐದು ಭಾಗದ ಪುಷ್ಪಪಾತ್ರೆ, ಕೊಂಬಿಲ್ಲ.

ಡೊಪೇಟ್ರಿಯಮ್: ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಅನುಭವಿಗಳೂ ಎಡವುವುದು ಇಲ್ಲಿ. ನಿಂತ ನೀರಿನಲ್ಲಿ, ಪಳ್ಳದ ಅಂಚಿನಲ್ಲಿ, ಗದ್ದೆಯಲ್ಲಿ ಬೆಳೆಯುತ್ತದೆ. ದಂಟು ಸಪೂರ, ಎಲೆಗಳು ಬುಡದ ಕಡೆಗೆ ಮಾತ್ರ ಇರುವುದರಿಂದ ಮೇಲ್ಭಾಗ ಎಲೆಯಿಲ್ಲದಂತೆ ಕಾಣುತ್ತದೆ. ಹೂ ನೇರಳೆ, ಎರಡು ತುಟಿ, ಕೆಳತುಟಿ ಅಗಲ. ಫಲ ಕೊಡುವ ಕೇಸರಗಳೂ ಎರಡೇ! ಹಾಗಾಗಿ ಕೇಸರ ಎಣಿಸಿ ಇದನ್ನು ಬೇರ್ಪಡಿಸಲಾಗದು. ಹೂವನ್ನು ತಿರುಗಿಸಿದರೆ ಮಾತ್ರ ಸತ್ಯ ಹೊರಬರುತ್ತದೆ: ಪುಷ್ಪಪಾತ್ರೆಯಲ್ಲಿ ಐದು ಭಾಗ, ಕೊಂಬು ಇಲ್ಲವೇ ಇಲ್ಲ.

ಬರ್ಮಾನಿಯ: ಇದೂ ತೆಳು ದಂಟಿನ, ಬಹುತೇಕ ಎಲೆಯಿಲ್ಲದಂತೆ ಕಾಣುವ ಗಿಡ, ಅದೇ ಒದ್ದೆ ಹುಲ್ಲಿನಲ್ಲಿ ಇರುತ್ತದೆ. ಆದರೆ ಹೂವಿಗೆ ತುಟಿಗಳಿಲ್ಲ. ನೀಲಿ ಕೊಳವೆಯ ಮೂರು ಕಡೆ ಅಗಲವಾದ ಮೂರು ರೆಕ್ಕೆ, ಬಾಯಿಯ ಬಳಿ ತುಸು ಹಳದಿ.

ಮುರ್ಡೇನಿಯ: ಮೂರು ಎಸಳಿನ ಹೂ, ಹುಲ್ಲಿನಂಥ ಎಲೆ, ಕೇಸರದ ಕಾಲಿಗೆ ನವಿರಾದ ಕೂದಲು. ಮುಖ ನೋಡಿದರೂ ತಿಳಿಯುತ್ತದೆ, ದೂರದಿಂದ ತೆಗೆದ ಚಿತ್ರದಲ್ಲಿ ಮಾತ್ರ ಮೋಸ.

ಹಂತ 6: ಬುಡ

ಕೊನೆಯ ದೃಢೀಕರಣ ಕೆಸರಿನೊಳಗಿದೆ. ಯುಟ್ರಿಕುಲೇರಿಯಕ್ಕೆ ನಿಜವಾದ ಬೇರಿಲ್ಲ. ಕೆಸರಿನಲ್ಲಿ ಕೂದಲೆಳೆಯಂಥ ಹಬ್ಬುದಂಟುಗಳು ಹರಡಿರುತ್ತವೆ, ಅವುಗಳ ಮೇಲೂ ಸಪೂರ ಎಲೆಗಳ ಮೇಲೂ ಪುಟ್ಟ ಚೀಲಗಳು ಅಂಟಿಕೊಂಡಿರುತ್ತವೆ. ಸಾಸಿವೆ ಕಾಳಿಗಿಂತ ಚಿಕ್ಕ, ಪಾರದರ್ಶಕವಾದ ಚೀಲಗಳು. ಕೀಟ ಹಿಡಿಯುವ ಬಲೆ ಇವೇ.

ಬಲೆ ಕೆಲಸ ಮಾಡುವ ರೀತಿ ತಿಳಿದಿದ್ದರೆ ಅದನ್ನು ನೋಡುವ ಖುಷಿ ಇನ್ನಷ್ಟು. ಚೀಲದ ಒಳಗಿನ ಗ್ರಂಥಿಗಳು ನೀರನ್ನು ಹೊರಕ್ಕೆ ಹಾಕುತ್ತಲೇ ಇರುತ್ತವೆ. ಒಳಗೆ ಒತ್ತಡ ಕಡಿಮೆಯಾಗಿ ಚೀಲದ ಗೋಡೆಗಳು ಒಳಕ್ಕೆ ಕುಗ್ಗುತ್ತವೆ. ಬಾಯಿಗೆ ಒಂದು ಕದ, ಕದದ ಹತ್ತಿರ ಕೆಲವು ಕೂದಲು. ನೀರಿನಲ್ಲಿ ಈಜುವ ಸೂಕ್ಷ್ಮ ಜೀವಿ ಆ ಕೂದಲಿಗೆ ತಾಗಿದೊಡನೆ ಕದ ತೆರೆಯುತ್ತದೆ, ಚೀಲದ ಗೋಡೆ ಸೆಟೆದು ನೀರು ರಭಸದಿಂದ ಒಳನುಗ್ಗುತ್ತದೆ, ಅದರ ಜೊತೆಗೆ ಜೀವಿಯೂ ಒಳಗೆ. ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಇದೆಲ್ಲ ನಡೆದು ಕದ ಮುಚ್ಚುತ್ತದೆ. ಸಸ್ಯಲೋಕದಲ್ಲಿ ಇಷ್ಟು ವೇಗದ ಚಲನೆ ಅಪರೂಪ, ಅದು ನಡೆಯುತ್ತಿರುವುದು ನಾವು ಬೋಳು ಗುಡ್ಡೆ ಎಂದು ಕರೆಯುವ ಜಾಗದಲ್ಲಿ.

ನೋಡಲೆಂದು ಗಿಡ ಕೀಳಬೇಕಾಗಿಲ್ಲ. ಪದವಿನಲ್ಲಿ ದನಗಳು ಮೇಯುತ್ತವೆ, ಅವುಗಳ ಗೊರಸಿನ ಗುರುತಿನಲ್ಲಿ ಮಣ್ಣು ಸಹಿತ ಎದ್ದು ಬಂದ ಗಿಡಗಳು ಸಿಗುತ್ತವೆ. ಅಂಥದ್ದೊಂದನ್ನು ಬಿಳಿ ತಟ್ಟೆಯಲ್ಲಿ ಇಟ್ಟು ನೀರು ಹನಿಸುತ್ತಾ ಕೆಸರನ್ನು ಬಿಡಿಸಿ. ನಲ್ಲಿಯಡಿ ಹಿಡಿದು ತೊಳೆದರೆ ಹಬ್ಬುದಂಟುಗಳು ಹರಿದು ಕೆಸರಿನ ಜೊತೆ ಹೋಗುತ್ತವೆ, ಆಮೇಲೆ ಚೀಲವೇ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಎಲೆ ಕಾಣದಿದ್ದರೂ ಚಿಂತೆ ಬೇಡ, ಹೂ ಬಿಡುವ ಹೊತ್ತಿಗೆ ಅವು ಹಲವೊಮ್ಮೆ ಕೊಳೆತುಹೋಗಿರುತ್ತವೆ.

ಶಾಲಾ ಮಕ್ಕಳಿಗೆ ಬಲೆ ತೋರಿಸಬೇಕಿದ್ದರೆ ಕೆರೆಯಲ್ಲಿ ತೇಲುವ, ಹಳದಿ ಹೂವಿನ ಯುಟ್ರಿಕುಲೇರಿಯ ಔರಿಯ ಇದಕ್ಕಿಂತ ಅನುಕೂಲ. ನೂಲುನೂಲಾಗಿ ಸೀಳಿದ ಅದರ ಎಲೆಗಳ ನಡುವೆ ಚೀಲಗಳು ಬರಿಗಣ್ಣಿಗೇ ಕಾಣುತ್ತವೆ.

ಹಂತ 7: ಎಲ್ಲಿ ನಿಲ್ಲಬೇಕು?

ಯುಟ್ರಿಕುಲೇರಿಯ ಎಂದು ಖಾತ್ರಿಯಾಯಿತು, ಆದರೆ ಹಂತ 5ರ ಬಲೆಗೆರೆ ಸರಿಯಾಗಿ ಹೊಂದುತ್ತಿಲ್ಲ ಎನ್ನಿ. ಆಗ ಕಾಕ್ಕಪ್ಪೂವಿನ ಬಂಧುಗಳನ್ನು ನೆನೆಯಬೇಕು.

ಹೂ ಗುಲಾಬಿ ಅಥವಾ ಬಿಳಿ, ದಂಟಿನ ತುದಿಯಲ್ಲಿ ಒತ್ತಾಗಿ ಕೂಡಿಕೊಂಡಿವೆ, ದಂಟಿನ ಹುರುಪೆಗಳು ಬುಡದಿಂದಲ್ಲ, ಹೊಟ್ಟೆಯ ನಡುವಿನಿಂದ ದಂಟಿಗೆ ಅಂಟಿಕೊಂಡಿವೆ ಎಂದರೆ ಅದು ಯುಟ್ರಿಕುಲೇರಿಯ ಸೆರೂಲಿಯ. ಕಾಕ್ಕಪ್ಪೂವಿನಲ್ಲಿ ಹುರುಪೆಗಳು ಬುಡದಿಂದಲೇ ಅಂಟಿರುತ್ತವೆ. ನೀರು ಒಸರುವ ಬಂಡೆಯ ಮೈಗೋ ಪಾಚಿ ಹಿಡಿದ ಮರದ ಕಾಂಡಕ್ಕೋ ಅಂಟಿಕೊಂಡು, ಐದು ಸೀಳಿನ ಬೀಸಣಿಗೆಯಂಥ ಕೆಳತುಟಿ, ಗಂಟಲಲ್ಲಿ ಹಳದಿ ಚುಕ್ಕೆ ಇರುವುದು ಯುಟ್ರಿಕುಲೇರಿಯ ಸ್ಟ್ರಿಯಾಟುಲ. ಅದರ ಪುಷ್ಪಪಾತ್ರೆಯ ಎರಡು ಭಾಗಗಳಲ್ಲಿ ಮೇಲಿನದು ದೊಡ್ಡದು. ಎಂದೂ ಬಳ್ಳಿಯಾಗದೆ ನೆಟ್ಟಗೆ ನಿಲ್ಲುವ, ಹುಲ್ಲಿನೆಳೆಯಂಥ ಎಲೆಯ, ಚಿಕ್ಕ ಹೂವಿನದು ಯುಟ್ರಿಕುಲೇರಿಯ ಗ್ರಾಮಿನಿಫೋಲಿಯ ಆಗಿರಬಹುದು.

ಇದರಾಚೆಗೆ ನಿಜಕ್ಕೂ ಕಷ್ಟದ ಗುಂಪೊಂದಿದೆ. 1984ರಲ್ಲಿ ಇಂಗ್ಲೆಂಡಿನ ಕ್ಯೂ ಉದ್ಯಾನದ ಪೀಟರ್ ಟೇಲರ್ ಅವರು ಯುಟ್ರಿಕುಲೇರಿಯದ ಲಾಜುಲಿನ ಮತ್ತು ಸೆಸಿಲಿಯೈ ಎಂಬ ಜಾತಿಗಳನ್ನು ವಿವರಿಸಿದರು. ಎರಡನೆಯದು ಅದನ್ನು ಮೊದಲು ಕಂಡ, ಕರ್ನಾಟಕದ ಸಸ್ಯಗಳಿಗಾಗಿ ದುಡಿದ ಪಾದ್ರಿ ಸೆಸಿಲ್ ಸಲ್ಡಾನ್ಹ ಅವರ ಹೆಸರಿನಲ್ಲಿದೆ. 1989ರಲ್ಲಿ ಎಂ. ಕೆ. ಜನಾರ್ದನಂ ಮತ್ತು ಎ. ಎನ್. ಹೆನ್ರಿ ಅವರು ಯುಟ್ರಿಕುಲೇರಿಯ ಮಲಬಾರಿಕ ಎಂಬ ಹೊಸ ಜಾತಿಯನ್ನು ವಿವರಿಸಿದರು. ಅದರ ಮಾದರಿ ಸಿಕ್ಕಿದ್ದು ಬೇರೆಲ್ಲೂ ಅಲ್ಲ, ಇದೇ ಕಾಸರಗೋಡಿನ ಹತ್ತಿರ, ಒದ್ದೆ ಕಲ್ಲಿನ ಮೇಲೆ, ಎರಿಯೋಕಾಲನ್ ಮತ್ತು ಡ್ರೊಸೆರಗಳ ನಡುವೆ. ಅಂದರೆ ನಿಮ್ಮ ಮನೆ ಹಿಂದಿನ ಪದವಿನಲ್ಲಿ ನೀವು ನೋಡುತ್ತಿರುವ ಪುಟ್ಟ ನೀಲಿ ಹೂ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಜಾತಿಯೂ ಆಗಿರಬಹುದು! ಕಣ್ಣಂದಾಜಿನಲ್ಲಿ ಎಲ್ಲವನ್ನೂ ಕಾಕ್ಕಪ್ಪೂ ಎಂದು ಬರೆದುಬಿಡಬಾರದೆಂದು ನಾನು ಹೇಳುವುದು ಇದಕ್ಕೇ.

ಈ ಸಣ್ಣ ಜಾತಿಗಳನ್ನು ಬೇರ್ಪಡಿಸಲು ಬೀಜದ ಮೈಮೇಲಿನ ಕೆತ್ತನೆಯವರೆಗೂ ಹೋಗಬೇಕಾಗುತ್ತದೆ, ಅದಕ್ಕೆ ಸೂಕ್ಷ್ಮದರ್ಶಕ ಬೇಕು. ಅಲ್ಲಿಗೆ ನಿಲ್ಲಿ. "ಯುಟ್ರಿಕುಲೇರಿಯ, ಜಾತಿ ನಿರ್ಧಾರವಾಗಿಲ್ಲ" ಎಂದು ಬರೆದ ಟಿಪ್ಪಣಿಗೆ ಬೆಲೆ ಇದೆ, ಸಂಶೋಧಕರು ಅದನ್ನು ಹಿಡಿದು ಆ ಜಾಗಕ್ಕೆ ಬರಬಹುದು. ತಪ್ಪು ಹೆಸರು ಬರೆದಿಟ್ಟರೆ ಯಾರೂ ಅತ್ತ ತಿರುಗಿ ನೋಡುವುದಿಲ್ಲ.

ಹಂತ 8: ಚಿತ್ರ ಮತ್ತು ಟಿಪ್ಪಣಿ

ಐದು ಚಿತ್ರಗಳು ಬೇಕು: ಜಾಗದ ನೋಟ, ಸ್ಕೇಲ್ ಪಕ್ಕದಲ್ಲಿಟ್ಟು ಇಡೀ ಗಿಡ, ಹೂವಿನ ಎದುರು, ಕೊಂಬು ಕಾಣುವಂತೆ ಪಕ್ಕದಿಂದ, ಪುಷ್ಪಪಾತ್ರೆ ಕಾಣುವಂತೆ ಹಿಂದಿನಿಂದ. ಕಾಯಿ ಇದ್ದರೆ ಆರನೆಯದು. ಫೋನ್ ಹುಲ್ಲಿನ ಮೇಲೆ ಫೋಕಸ್ ಮಾಡಿ ಹೂವನ್ನು ಮಸುಕಾಗಿಸುವುದು ಸಾಮಾನ್ಯ. ಹೂವಿನ ಹಿಂದೆ ನಿಮ್ಮ ಅಂಗೈಯನ್ನೋ ಪುಸ್ತಕವನ್ನೋ ಹಿಡಿದರೆ ಸರಿಹೋಗುತ್ತದೆ.

ಗಿಡ ಗುರುತಿಸುವ ಆ್ಯಪ್‌ಗಳು ಕುಲದವರೆಗೆ ಚೆನ್ನಾಗಿಯೇ ಹೇಳುತ್ತವೆ, ಜಾತಿಯ ವಿಷಯದಲ್ಲಿ ಅವನ್ನು ನಂಬಲಾಗದು. ಗಿಡ, ಪ್ರಾಣಿಗಳನ್ನು ಕಂಡದ್ದನ್ನು ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕುವಾಗ ಐದೂ ಚಿತ್ರಗಳನ್ನು ಒಂದೇ ದಾಖಲೆಯಲ್ಲಿ ಹಾಕಿ, ದಿನಾಂಕ ಮತ್ತು ಜಾಗ ಸರಿಯಾಗಿವೆಯೇ ನೋಡಿ. "ಮುರಕಲ್ಲಿನ ಪದವು, ಜಿನುಗು ನೀರು" ಎಂದೋ "ಏಣೆಲು ಗದ್ದೆ, ಪೈರಿಗೆ ಸುತ್ತಿದೆ" ಎಂದೋ ಒಂದು ಸಾಲು ಸೇರಿಸಿ. ಪದವು ಯಾರದೋ ಖಾಸಗಿ ಜಾಗವಾಗಿದ್ದರೆ ಕೇಳಿಯೇ ಒಳಗೆ ಹೋಗಿ. ಕಲ್ಲಿನ ಕೋರೆಗೆ ಕೊಡಲಿರುವ ಪದವಾದರೆ ಈ ದಾಖಲೆ ಇನ್ನೂ ಬೇಗ ಆಗಬೇಕು, ಆ ತೆಳು ಮಣ್ಣನ್ನು ಕೆರೆದು ತೆಗೆದ ಮೇಲೆ ಅಲ್ಲಿ ಏನಿತ್ತು ಎಂದು ಹೇಳಲು ಬೇರೆ ಸಾಕ್ಷಿ ಉಳಿಯುವುದಿಲ್ಲ.

ಜೊತೆಗೆ ಬರುವ ಎರಡು ಪ್ರಶ್ನೆಗಳು

ಪೂಕಳಕ್ಕೋ ಹೊಸ್ತಿಲು ಪೂಜೆಗೋ ಕೊಯ್ಯಬಹುದೇ? ಮಕ್ಕಳು ಬೆಳಗ್ಗೆ ಪದವಿಗೆ ಹೋಗಿ ಹೂ ಕೊಯ್ದು ತರುವುದನ್ನು ಬೇಡ ಎನ್ನಲು ನನಗೆ ಮನಸ್ಸಿಲ್ಲ, ಹೂಗಳ ಹೆಸರು ಅವರಿಗೆ ಗೊತ್ತಾಗುವುದೇ ಹಾಗೆ. ಆದರೆ ಮುಂದಿನ ವರ್ಷದ ಗಿಡ ಹುಟ್ಟುವುದು ಈ ವರ್ಷದ ಬೀಜದಿಂದ. ಹೂ ಹಾಸಿದಂತೆ ಇರುವ ಕಡೆ ಸ್ವಲ್ಪ ಕೊಯ್ದರೆ ಸಾಕು, ದಂಟು ಎಳೆದು ಬುಡ ಕೀಳದಂತೆ ಉಗುರಿನಿಂದ ಚಿವುಟಿ. ಅಲ್ಲೊಂದು ಇಲ್ಲೊಂದು ಇರುವ ಕಡೆ ಮುಟ್ಟಬೇಡಿ. ಹಂತ 7ರಲ್ಲಿ ಹೇಳಿದ ಪುಟ್ಟ ಹೂಗಳನ್ನಂತೂ ಕೊಯ್ಯಲೇಬೇಡಿ.

ಮನೆಗೆ ತಂದು ಕುಂಡದಲ್ಲಿ ನೆಡಬಹುದೇ? ಬೇಡ. ಹಬ್ಬುದಂಟುಗಳು ಕೀಳುವಾಗಲೇ ಹರಿಯುತ್ತವೆ. ಕುಂಡದ ಮಣ್ಣಿನಲ್ಲಿರುವ ಗೊಬ್ಬರ ಈ ಗಿಡಕ್ಕೆ ಒಗ್ಗುವುದಿಲ್ಲ. ಒಂದು ದಿನ ನೀರು ಆರಿದರೂ ಸಾಯುತ್ತದೆ, ಬದುಕಿದರೂ ಕಾಯಿ ಬಲಿತ ಮೇಲೆ ಅದರ ಆಯುಷ್ಯ ಮುಗಿಯುತ್ತದೆ. ಕಂಡ ಜಾಗವನ್ನು ಪುಸ್ತಕದಲ್ಲಿ ಗುರುತು ಮಾಡಿಟ್ಟು ಮುಂದಿನ ಸೋಣದಲ್ಲಿ ಮತ್ತೆ ಅಲ್ಲಿಗೇ ಹೋಗಿ ನೋಡಿ, ಹೂ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಹಳೆಯ ಟಿಪ್ಪಣಿಯ ಕೆಳಗೇ ಬರೆಯಿರಿ.